ಮೇವಿಸ್ ಕಾವಲು ಕಾದ ಬಿರುಕು

ಸಫೋಕ್‌ನ ನಮ್ಮ ಥಾರ್ನ್‌ಹೋ ಹಳ್ಳಿಯ ಚರ್ಚಿನ ಬೀಗದಕೈ ಮೂವತ್ತೊಂದು ವರ್ಷ ಮೇವಿಸ್ ಪಿಲ್ಬೀಮ್‌ಳ ಬಳಿ ಇತ್ತು. ಹಿತ್ತಾಳೆ ಉಜ್ಜುವುದು, ಬಾವಲಿ ಹಿಕ್ಕೆ ಗುಡಿಸುವುದು, ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವುದು ಅವಳ ಕೆಲಸ. ಯಾರೂ ಹೇಳದೆ ಅವಳೇ ಹಚ್ಚಿಕೊಂಡ ಕೆಲಸ ಇನ್ನೊಂದಿತ್ತು. ಪ್ರತಿ ಸೋಮವಾರ ಗೋಪುರದೊಳಗಿನ ಬಿರುಕನ್ನು ನೋಡಿ ಬರುತ್ತಿದ್ದಳು.

ಏಳು ವರ್ಷದವಳಿದ್ದಾಗ ಪಕ್ಕದ ಊರಿನ ಗೋಪುರ ಒಂದು ಬೆಳಿಗ್ಗೆ ಕುಸಿದುಬಿದ್ದಿತ್ತು. ಯಾರೂ ಸಾಯಲಿಲ್ಲ. ಆದರೆ ಗೋರಿಗಳ ನಡುವೆ ಬಾಯಿ ಮೇಲಾಗಿ ಬಿದ್ದಿದ್ದ ಗಂಟೆ, ಅದರೊಳಗೆ ನಿಂತ ಮಳೆನೀರು ಅವಳ ಕಣ್ಣಿನಿಂದ ಹೋಗಲೇ ಇಲ್ಲ. ನಮ್ಮಲ್ಲಿ ಆರು ಗಂಟೆಗಳು. ಏಳುನೂರು ಕಿಲೋದ ದೊಡ್ಡ ಗಂಟೆಯ ಹಗ್ಗ ಎಳೆಯುವವನು ಅವಳ ಗಂಡ ಹೊರೇಸ್, ಅವನು ನಿಲ್ಲುವುದು ಸರಿಯಾಗಿ ಬಿರುಕಿನ ಕೆಳಗೆ. ಮೂರನೆಯ ಹಗ್ಗ ನನ್ನದು.

ಬಿರುಕಿಗೆ ಅಡ್ಡಲಾಗಿ ಅವಳು ಒಂದು ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿದ್ದಳು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ.

೧೯೭೪ರ ಈಸ್ಟರಿನ ಹಿಂದಿನ ದಿನ, ಮಧ್ಯಾಹ್ನ, ನಾವು ರೆಗ್ ಕ್ಯಾಚ್‌ಪೋಲ್‌ನ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಗಂಟೆ ಹೊಡೆಯುವ ನಮ್ಮ ತಂಡಕ್ಕೆ ರೆಗ್ಗೇ ಯಜಮಾನ. ಮೇವಿಸ್ ಬಾಗಿಲು ತಟ್ಟದೆ ಒಳಬಂದಳು. ಚರ್ಚಿನ ಅಲಂಕಾರಕ್ಕೆ ತಂದ ಲಿಲ್ಲಿ ಹೂವು ಕೈಯಲ್ಲಿ ಹಾಗೇ ಇತ್ತು.

"ಗಾಜು ಒಡೆದಿದೆ. ಗೋಪುರಕ್ಕೆ ಬೀಗ ಹಾಕಿ ಬಂದಿದ್ದೀನಿ. ನಾಳೆ ಗಂಟೆ ಇಲ್ಲ."

"ಯುದ್ಧ ಮುಗಿದಮೇಲೆ ಒಂದು ಈಸ್ಟರೂ ತಪ್ಪಿಲ್ಲ ಕಣೇ," ರೆಗ್ ನಕ್ಕ. "ಗಂಟೆ ತೂಗಿದ್ರೆ ಗೋಪುರನೂ ತೂಗುತ್ತೆ. ನಿನ್ನ ಗಂಡ ಕುಡಿದು ಬಂದಾಗ ತೂಗಲ್ವಾ? ಬಿದ್ದಿದ್ದಾನಾ?"

"ಎರಡು ಸಲ," ಅಂದ ಹೊರೇಸ್.

ಮೇವಿಸ್ ನಗಲಿಲ್ಲ. "ಗಂಟೆ ಹೊಡೆದಾಗ ಒಡೆದಿದ್ರೆ ನಾನೂ ಸುಮ್ನಿರ್ತಿದ್ದೆ ರೆಗ್. ಈಸ್ಟರ್ ಮುಂಚಿನ ವಾರ ಇದು, ಗಂಟೆ ಹೊಡೆಯೋ ಹಾಗಿಲ್ಲ. ಸೋಮವಾರ ಗಾಜು ಸರಿಯಾಗೇ ಇತ್ತು. ಆರು ದಿನದಿಂದ ಯಾರೂ ಹಗ್ಗ ಮುಟ್ಟಿಲ್ಲ. ಅದು ತಾನಾಗೇ ಸರೀತಿದೆ."

ರೆಗ್ ಬಟ್ಟಲು ಕೆಳಗಿಟ್ಟ.

ಒಬ್ಬರ ಹಿಂದೊಬ್ಬರು ಗೋಪುರದೊಳಗೆ ಹೋದೆವು. ಯಾರೂ ಜೋರಾಗಿ ಹೆಜ್ಜೆ ಇಡಲಿಲ್ಲ. ನಾನು ಟಾರ್ಚ್ ಹಿಡಿದೆ. ಗಾಜು ನಡುವೆ ಎರಡಾಗಿತ್ತು. ಹೊರೇಸ್ ಏಣಿ ಹತ್ತಿ ಒಂದು ತುದಿಯ ಸಿಮೆಂಟಿಗೆ ಚಾಕುವಿನ ಮೊನೆ ತಾಗಿಸಿದ.

"ಇಳಿ ಹೊರೇಸ್, ಕೈಮುಗೀತೀನಿ," ಅಂದಳು ಮೇವಿಸ್.

ಸಿಮೆಂಟ್ ಉದುರಿ ಅವನ ಅಂಗೈಗೆ ಬಂತು. ಅದರ ಹಿಂದೆ ಅಂಟಿಕೊಂಡು ಬಂದದ್ದು ಕಲ್ಲಲ್ಲ, ಸುಣ್ಣದ ದಪ್ಪ ಹೆಕ್ಕಳೆ. ಅಂಚಿನಲ್ಲಿ ಎಣಿಸಿದೆವು, ಹತ್ತೊಂಬತ್ತು ಪದರ. ನಾಲ್ಕು ನೂರು ವರ್ಷ ಬಳಿದ ಸುಣ್ಣಕ್ಕೆ ಅವಳು ಗಾಜು ಅಂಟಿಸಿದ್ದಳು, ಗೋಡೆಗಲ್ಲ.

ಹೊರೇಸ್ ಇನ್ನಷ್ಟು ಕೆರೆದ. ಬಿರುಕಿನ ಒಂದು ಬದಿಯ ಕಲ್ಲಿನ ಮೇಲೆ ಕೊಡಲಿಯ ಓರೆ ಗೆರೆಗಳು, ಇನ್ನೊಂದು ಬದಿಯಲ್ಲಿ ಉಳಿಯ ನೇರ ಗೆರೆಗಳು.

"ಎರಡು ಕಾಲದ ಕೆಲಸ ಇದು. ಚರ್ಚಿನ ಹಜಾರ ಕಟ್ಟಿ ಇನ್ನೂರು ವರ್ಷ ಆದಮೇಲೆ ಗೋಪುರ ತಂದು ಆನಿಸಿದ್ದಾರೆ," ಅಂದ ರೆಗ್. "ಕಲ್ಲಿಗೆ ಕಲ್ಲು ಹೆಣೆದೇ ಇಲ್ಲ. ಇದು ಬಿರುಕಲ್ಲ, ಮೊದಲಿಂದ ಇರೋ ಸಂದು."

"ಹಂಗಾದ್ರೆ ಸುಣ್ಣ ಈ ವಾರಾನೇ ಯಾಕೆ ಎದ್ದಿತು?" ಮೇವಿಸ್ ಕೇಳಿದಳು.

ನಾನು ಮೂಲೆಯತ್ತ ಟಾರ್ಚ್ ತಿರುಗಿಸಿದೆ. ಅಲ್ಲಿ ಸೀಮೆಎಣ್ಣೆ ಸ್ಟವ್ ಇತ್ತು.

"ಅಯ್ಯೋ," ಅಂದಳು ಮೇವಿಸ್. "ಗುರುವಾರದಿಂದ ಉರಿಸಿದ್ದು ನಾನೇ. ಹೂ ಕಟ್ಟೋರಿಗೆ ಚಳಿ ಅಂತ. ಆ ಕಾವಿಗೆ ಸುಣ್ಣ ಒಣಗಿ ಎದ್ದಿದೆ."

ಕಾರಣ ಗೊತ್ತಾಯಿತು, ಅವಳ ಹೆದರಿಕೆ ಹೋಗಲಿಲ್ಲ. ಬರಿಗಲ್ಲಿನ ಮೇಲೆ ಹೊಸ ಗಾಜು ಇಡಿಸಿ, ನಮ್ಮೆಲ್ಲರ ಮುಖ ನೋಡಿ ಹೇಳಿದಳು: "ನಾಳೆ ಹೊರೇಸ್ ಪಕ್ಕದಲ್ಲೇ ನಿಲ್ತೀನಿ. ನಾನು ನಿಲ್ಲಿಸಿ ಅಂದ್ರೆ ನಿಲ್ಲಿಸ್ಬೇಕು."

ಮರುದಿನ ಬೆಳಿಗ್ಗೆ ಗಂಟೆಗಳು ಒಂದೊಂದಾಗಿ ತೂಗತೊಡಗಿದವು. ಕೊನೆಗೆ ದೊಡ್ಡದು ತಿರುಗಿದಾಗ ನೆಲ ನನ್ನ ಬೂಟಿನಡಿ ಮೆಲ್ಲಗೆ ಅದುರಿತು. ಮೇಲಿಂದ ಧೂಳು ಹೊರೇಸನ ಭುಜಕ್ಕೆ ಸುರಿಯಿತು. ಮೇವಿಸ್ ಬಾಯಿ ತೆರೆದಳು. ಆರು ಜೋಡಿ ಕಣ್ಣು ಅವಳ ಮೇಲಿದ್ದವು. ಅವಳು ಗಾಜನ್ನು ನೋಡಿದಳು, ಬಾಯಿ ಮುಚ್ಚಿದಳು. ಹತ್ತು ನಿಮಿಷ ಹಾಗೇ ನಿಂತಿದ್ದಳು.

ಗಂಟೆಗಳು ನಿಂತಮೇಲೆ ಹೊರೇಸ್ ಕೇಳಿದ, "ನಡುಗಿತಾ?"

"ಗಾಜಂತೂ ನಡುಗಲಿಲ್ಲ."

ಮುಂದಿನ ಹನ್ನೊಂದು ವರ್ಷ ಪ್ರತಿ ಭಾನುವಾರ ಅವಳು ಅಲ್ಲೇ ನಿಂತಳು. ಈಗ ಬೀಗದಕೈ ನನ್ನಲ್ಲಿದೆ. ಅದೇ ಗಾಜು ಇನ್ನೂ ಇಡಿಯಾಗಿದೆ. ಆದರೂ ಸೋಮವಾರ ಟಾರ್ಚ್ ಮೇಲೆತ್ತುವ ಮುಂಚೆ ಬಿರುಕಿನ ಕೆಳಗಿಂದ ಒಂದು ಹೆಜ್ಜೆ ಸರಿದು ನಿಲ್ಲುತ್ತೇನೆ.