ಕೈ ಮುಗಿದು ನೀಡಿದ ರೊಟ್ಟಿ

ನನ್ನ ಬಾಯಿ ಜೋರು. ದಾಂಡೇಲ್ಯಾಗ ಮಿಲ್ಲಿನ ಗೇಟಿನಿಂದ ಹಿಡಿದು ಬಸ್‌ಸ್ಟ್ಯಾಂಡ್ ತನಕ ಯಾರನ್ನರ ಕೇಳ್ರಿ, ಹೌದಂತಾರ. ನಮ್ಮದು ರೊಟ್ಟಿ ಖಾನಾವಳಿ. ಪಾಳಿ ಮುಗಿಸಿ ಬರೂ ಮಂದಿ, ಕಟ್ಟಿಗಿ ಲಾರಿ ಡ್ರೈವರ್‌ಗಳು, ಧಾರವಾಡ ಬೆಳಗಾವಿ ಕಡೆಯಿಂದ ಬಂದು ಖೋಲಿ ಹಿಡಿದು ಇರೂ ಹುಡುಗೂರು, ಇವ್ರ ನಮ್ಮ ಗಿರಾಕಿ. ಕೈ ತೊಳಿಲಾರದ ಕುಂತಾವಗ ಬೈತೇನಿ. ಪಲ್ಯ ಬಿಟ್ಟಾವಗ ಬೈತೇನಿ. ಉಣ್ಣೂ ಮುಂದ ಮೊಬೈಲ್ ಹಿಡಿದಾವಗಂತೂ ಅವರಪ್ಪ, ಅವರಜ್ಜ ಎಲ್ಲಾರನ್ನೂ ಕೂಡಿಸಿ ಬೈತೇನಿ. ಬೈಕೋತನ ತಾಟಿಗೆ ಇನ್ನೊಂದು ರೊಟ್ಟಿ ಒಗಿತೇನಿ. ಅವ್ರೂ ಬೈಸ್ಕೋತನ ತಿಂತಾರ.

ಹಿಂಗ ಚಲೋ ನಡದಿತ್ತು. ಆಮ್ಯಾಲ ಬಸ್‌ಸ್ಟ್ಯಾಂಡ್ ಕಡೆ ಬಿರಿಯಾನಿ ಅಂಗಡಿಗೋಳು ಎದ್ವು, ನಮ್ಮಲ್ಲಿ ಒಂದಿಷ್ಟು ತಾಟು ಕಡಿಮಿ ಆದ್ವು. ನಮ್ಮನಿಯವ್ರು ಮೊದಲ ಅಂಜುಬುರುಕ ಮನಶ್ಯಾ. ಒಂದಿನ ಚಾ ಕುಡಕೋತ, "ದಸರಾ ತನಕ ನೋಡೂಣು. ಹಿಂಗ ಇದ್ರ ಈ ಜಾಗಾ ಮೊಬೈಲ್ ಅಂಗಡಿಯವಗ ಬಾಡಗಿಗೆ ಕೊಟ್ಟುಬಿಡೂಣು. ನೀ ಆರಾಮ ಕುಂಡ್ರು" ಅಂದ್ರು. ಸುಮ್ನ ಕುಂಡ್ರಾಕ ನಾ ಚೌತಿ ಗಣಪ್ಪ ಏನು? ಆ ಒಲಿ ಮುಂದ ಬಂದ ಮ್ಯಾಲನ ಈ ಊರಾಗ ಮಂದಿ ನನ್ನ ಗುರುತು ಹಿಡಿಯಾಕ ಹತ್ತಿದ್ದು. ಖಾನಾವಳಿ ಹೋತಂದ್ರ ನಾ ಮತ್ತ ಇಂಥವ್ರ ಹೇಂತಿ, ಅಷ್ಟ. ಅದನ್ನ ನೆನಸ್ಕೊಂಡ್ರ ನನಗ ನಿದ್ದಿ ಬರ್ತಿದ್ದಿಲ್ಲ.

ಅದ ಹೊತ್ತಿಗೆ ನಮ್ಮ ಮಹಿಳಾ ಸಂಘದವ್ರು ಹಳಿಯಾಳದಾಗ ತರಬೇತಿ ಐತಿ ಅಂತ ಟೆಂಪೋ ತುಂಬಿ ಕರಕೊಂಡು ಹೋದ್ರು. ಟೈ ಕಟ್ಟಿದ ಒಬ್ಬ ಸರ್ ಬಂದಿದ್ರು. ಆ ಸೆಕಿಯಾಗ ಆ ಟೈ ನೋಡಿ ನನ್ನ ಕರುಳು ಚುರುಕ್ ಅಂತು. "ಯಶಸ್ಸು ಬೇಕೆಂದರೆ ಮೊದಲು ಒಬ್ಬ ರೋಲ್ ಮಾಡೆಲ್ ಆರಿಸಿಕೊಳ್ಳಿ. ಅವರಂತೆ ನಡೆಯಿರಿ, ಅವರಂತೆ ನುಡಿಯಿರಿ, ನಡುವೆ ಕೈ ಬಿಡಬೇಡಿ" ಅಂದ್ರು. ಆಮ್ಯಾಲ ಒಬ್ಬೊಬ್ಬರನ್ನ ಎಬ್ಬಿಸಿ ಕೇಳಾಕ ಹತ್ತಿದ್ರು. ಒಬ್ಬಾಕಿ ಕಲೆಕ್ಟರ್ ಮೇಡಂ ಅಂದ್ಲು. ಇನ್ನೊಬ್ಬಾಕಿ ಎದ್ದು "ನಮ್ಮ ಅತ್ತಿ" ಅಂದ್ಲು. ಅತ್ತಿ ಹಿಂದಿನ ಸಾಲಿನ್ಯಾಗನ ಕುಂತಿದ್ಲು, ಮತ್ತೇನಂತಾಳ ಪಾಪ. ನನ್ನ ಪಾಳಿ ಬಂತು. ನಾ "ರಿಸಾರ್ಟಿನ ಹುಡುಗಿ" ಅಂದೆ.

ಆ ಹುಡುಗಿ ಯಾರಂತ ಹೇಳ್ತೇನಿ. ಜೊಯಿಡಾ ರಸ್ತೇದಾಗ ಒಂದು ರಿಸಾರ್ಟ್ ಐತಿ. ಶನಿವಾರಕ್ಕೊಮ್ಮೆ ಅಲ್ಲಿಗೆ ನಾನ ರೊಟ್ಟಿ ಕೊಡಾಕ ಹೋಗ್ತೇನಿ. ಮುಂದಿನ ಕೌಂಟರಿನ್ಯಾಗ ಈಕಿ ನಿಂತಿರ್ತಾಳ. ಮುಂಡಗೋಡ ಕಡೀಯಾಕಿ, ಅತ್ತಿವೇರಿ ಹತ್ರ ಒಂದು ಹಳ್ಳಿ. ಯಾರ ಬರಲಿ, ಕೈ ಮುಗದು, ಕುತ್ತಿಗಿ ಸ್ವಲ್ಪ ವಾಲಿಸಿ, ನಕ್ಕೋತ ಒಂದು ಸಣ್ಣ ಗ್ಲಾಸಿನ್ಯಾಗ ಕೋಕಂ ಶರಬತ್ತು ಕೊಡ್ತಾಳ. ಒಮ್ಮೆ ಒಬ್ಬ ಪ್ಯಾಟಿ ಮನಶ್ಯಾ, ಮುಂಜಾನಿ ಗಿಡಕ್ಕ ಹಾರ್ನ್‌ಬಿಲ್ ಹಕ್ಕಿ ಬರಲಿಲ್ಲ ಅಂತ ಈಕಿ ಮ್ಯಾಲ ಹಾರಾಡಿದ. ಈಕಿ ನಕ್ಕೋತ ಆ ಹಕ್ಕಿ ಪರವಾಗಿ ಮಾಫಿ ಕೇಳಿದ್ಲು. ನಾ ಆಗಿದ್ರ ಅವನ್ನ ಅದ ಗಿಡಕ್ಕ ಹತ್ತಿಸಿ, ಹಕ್ಕಿ ಬರೂ ತನಕ ಇಳೀಬ್ಯಾಡ ಅಂತಿದ್ದೆ. ಆದ್ರ ಆಕಿ ರಿಸಾರ್ಟು ತುಂಬಿ ತುಳುಕತೈತಿ, ನನ್ನ ಖಾನಾವಳಿ ಖಾಲಿ. ಅಂದ ಮ್ಯಾಲ ತಪ್ಪು ನನ್ನ ಬಾಯಿದ ಅಂತ ನಾ ತೀರ್ಮಾನ ಮಾಡಿದೆ.

ಮುಂದ ಶನಿವಾರ ರೊಟ್ಟಿ ಕೊಟ್ಟ ಮ್ಯಾಲೂ ಬಾಗಲ ಹಂತೇಕ ನಿಂತು ಆಕೀನ್ನ ನೋಡಿ ನೋಡಿ ಕಲತೆ. ಮನ್ಯಾಗ ಕನ್ನಡಿ ಮುಂದ ನಿಂತು ಕುತ್ತಿಗಿ ವಾಲಿಸಿ ನಕ್ಕೆ. ನಮ್ಮನಿಯವ್ರು ನೋಡಿ, "ಯಾಕ, ಹಲ್ಲ ನೋಯಾಕ ಹತ್ತಾವೇನು? ಲವಂಗ ಇಟಗೋ" ಅಂದ್ರು. ವಿಷಯ ಹೇಳಿದ ಮ್ಯಾಲ, "ನವಿಲ ನೋಡಿ ಕೆಂಬೂತ ಪುಕ್ಕ ಕೆದರಿತ್ತಂತ" ಅಂದ್ರು. ಆವಾಗೂ ನಾ ಬೈಲಿಲ್ಲ, ನಕ್ಕೆ. ಅವ್ರು ಅಂಜಿ ಹೊರಗ ಹೋದ್ರು.

ಸೋಮವಾರದಿಂದ ಶುರು ಮಾಡಿದೆ. ಬಾಗಲದಾಗ ನಿಂತು ಬಂದವ್ರಿಗೆಲ್ಲಾ ಕೈ ಮುಗದೆ. "ಬರ್ರಿ, ದಯಮಾಡಿ ಕುಂಡ್ರರಿ" ಅಂದೆ. ಸಣ್ಣ ಗ್ಲಾಸಿನ್ಯಾಗ ಕೋಕಂ ಶರಬತ್ತು ಕೊಟ್ಟೆ. ಪಾಳಿ ಮುಗಿಸಿ ಬಂದ ಒಬ್ಬ ಗ್ಲಾಸು ಮೂಸಿ ನೋಡಿ, "ಊರಾಗ ಕಾಮಣಿ ಬ್ಯಾನಿ ಬಂದೈತೇನ್ರಿ?" ಅಂತ ಕೇಳಿ, ಔಷಧ ಅನಕೊಂಡು ಕಣ್ಣ ಮುಚ್ಚಿ ಕುಡದ. ಅವನ ಹಿಂದ ಬಂದಾಂವ ನನ್ನ ಮುಗದ ಕೈ ನೋಡಿ, "ಯಾವ ವಾರ್ಡಿಗೆ ನಿಂತೀರಿ ಅಕ್ಕಾರ?" ಅಂದ. ನಮ್ಮ ಕಡೆ ಹಿಂಗ ಕೈ ಮುಗದು ನಗೂದು ಇಲೆಕ್ಷನ್ನಿಗೆ ನಿಂತವ್ರು ಮಾತ್ರ. ನಿಂತಿಲ್ಲಪಾ ಅಂದ್ರ ನಂಬಲಿಲ್ಲ. ವೋಟು ನಿಮಗ ಹಾಕ್ತೇನಿ, ನಮ್ಮ ಓಣಿ ಗಟಾರ ಅಷ್ಟು ನೋಡ್ರಿ ಅಂತ ಹೇಳಿ ಹೋದ.

ಊಟದಾಗಂತೂ ಭಾಳ ಕೆಟ್ಟಾತು. ಮೊದಲ "ತಿನ್ನಲೇ ಮೂಳಾ, ಇಷ್ಟ ತಿಂದು ಲಾರಿ ಹೆಂಗ ತುಂಬ್ತೀ" ಅಂತ ಒಗಿತಿದ್ದೆ, ತಿಂತಿದ್ರು. ಈಗ "ಇನ್ನೊಂದು ನೀಡಲೇನ್ರಿ?" ಅಂತ ಕೇಳಿದ್ರ, ಬೀಗರ ಮನಿಗೆ ಬಂದವ್ರಂಗ "ಬ್ಯಾಡ್ರಿ, ಸಾಕ್ರಿ" ಅಂತ ತಾಟಿಗೆ ಕೈ ಅಡ್ಡ ಹಿಡೀತಿದ್ರು. ಅಷ್ಟು ಮರ್ಯಾದಿ ಕೊಟ್ಟು ಕೇಳಿದ ಮ್ಯಾಲ ಹೂಂ ನೀಡ್ರಿ ಅನ್ನಾಕ ಯಾರಿಗೆ ಬಾಯಿ ಬರತೈತಿ? ಅರ್ಧಾ ಹೊಟ್ಟಿಲೆ ಎದ್ದು ಹೋಗಿ ಉಳಿದರ್ಧಾ ಬಿರಿಯಾನಿ ಅಂಗಡ್ಯಾಗ ತುಂಬಿಸ್ಕೊಳ್ಳಾಕ ಹತ್ತಿದ್ರು. ಕಡೀಕ ಇಡೀ ಹೊಟ್ಟಿನ ಅಲ್ಲಿಗೆ ಒಯ್ಯಾಕ ಹತ್ತಿದ್ರು.

ನವಲಗುಂದ ಕಡೆಯ ಒಬ್ಬ ಲಾರಿ ಡ್ರೈವರ್ ಇದ್ದ, ನಮ್ಮ ಹಳೇ ಗಿರಾಕಿ. ಅಂವ ನಮ್ಮನಿಯವ್ರನ್ನ ಬಾಜೂಕ ಕರದು, "ಅಕ್ಕಾರಿಗೆ ಏನ್ ಆಗೇತ್ರಿ? ದೊಡ್ಡ ಬ್ಯಾನಿ ಏನರ ಇದ್ರ ಮುಚ್ಚಿಡಬ್ಯಾಡ್ರಿ. ನಮ್ಮ ಲಾರ್ಯಾಗನ ಹುಬ್ಬಳ್ಳಿ ದವಾಖಾನಿಗೆ ಒಯ್ಯೂಣು" ಅಂದನಂತ. ಇದನ್ನ ಕೇಳಿ ನನ್ನ ತಲಿ ಕೆಟ್ಟು ಮೊಸರ ಗಡಿಗಿ ಆತು. ಆದ್ರೂ ಬಿಡಲಿಲ್ಲ. ನಡುವ ಕೈ ಬಿಡಬ್ಯಾಡ್ರಿ ಅಂತ ಸರ್ ಹೇಳಿದ್ರಲ್ಲ. ನುಂಗಿದ ಬೈಗಳೆಲ್ಲಾ ಎದ್ಯಾಗ ಕುಂತು ನನಗ ಹುಳಿ ತೇಗು ಬರಾಕ ಹತ್ತಿದ್ವು.

ದಸರಾ ಹತ್ರ ಬಂತು. ಒಂದಿನ ಮಧ್ಯಾಹ್ನ ಮೊಬೈಲ್ ಅಂಗಡಿಯಾಂವ ಜಾಗಾ ಅಳ್ಯಾಕ ಟೇಪು ಹಿಡಕೊಂಡು ಬಂದ. ನಮ್ಮನಿಯವ್ರು ನನ್ನ ಮಾರಿ ನೋಡಲಾರದ ಟೇಪಿನ ಆ ತುದಿ ಹಿಡದು ನಿಂತ್ರು. ಒಲಿ ಇರೂ ಗ್ವಾಡಿ ಅಳದು, "ಇಲ್ಲಿ ಗಾಜಿನ ಶೋಕೇಸು" ಅಂದ ಅಂವ. ನನ್ನ ಕಣ್ಣಾಗ ನೀರು ಬಂದ್ವು. ಇವ್ರ ಮುಂದ ಅಳಬಾರದಂತ ಈ ಕಡೆ ತಿರಗಿದ್ರ, ಆ ನವಲಗುಂದದ ಡ್ರೈವರ್ ಅರ್ಧಾ ರೊಟ್ಟಿ ತಾಟಿನ್ಯಾಗ ಬಿಟ್ಟು ಎದ್ದು, ನನಗ ಕೈ ಮುಗದು, "ಬರ್ತೇನ್ರಿ" ಅಂದ.

ಅಷ್ಟ ಸಾಕಾತು. "ಏ, ಕುಂಡ್ರ ಕೆಳಗ" ಅಂದೆ. "ರೊಟ್ಟಿ ಬಿಟ್ಟು ಕೈ ಮುಗೀತಿ ಏನಲೇ, ನಾ ಏನು ಗುಡಿ ಕಲ್ಲೇನು? ಹಿಂಗ ಒಗ್ಯಾಕ ಈ ಜ್ವಾಳ ನಿಮ್ಮಪ್ಪ ಬೆಳದಾನೇನು?"

ಅಂವ ದಪ್ಪಂತ ಕುಂತ. ಅವನ ಮಾರಿ ಅರಳಿತ್ತು. "ಹೌದ್ರಿ ಅಕ್ಕಾರ, ನಮ್ಮಪ್ಪನ ಬೆಳದಾನ. ಹ್ವಾದ ತಿಂಗಳ ಚೀಲ ನಾನ ತಂದು ಇಳಿಸಿಲ್ಲೇನ್ರಿ" ಅಂದ. ಮಾತು ಖರೇನ ಇತ್ತು.

"ಹಂಗಾರ ಅಪ್ಪನ ಮಾರಿ ನೋಡಿಯರ ತಿನ್ನು, ಖೋಡಿ" ಅಂತ ಇನ್ನೊಂದು ಒಗದೆ. ಒಮ್ಮೆ ತೆಗದ ಬಾಯಿ ಮುಚ್ಚಾಕ ಬರಲಿಲ್ಲ. ಮೂಲ್ಯಾಗ ಕುಂತಾವಗ ಬೈದೆ. ಟೇಪು ಬಿಡ್ರಿ ಅಂತ ನಮ್ಮನಿಯವ್ರಿಗೆ ಬೈದೆ. ಟೇಪಿನಾವಗ, "ಉಣ್ಣೂ ಹೊತ್ತಿನ್ಯಾಗ ಯಾರರ ಗ್ವಾಡಿ ಅಳೀತಾರೇನು? ನಿಂದು ಊಟ ಆಗೇತೋ ಇಲ್ಲೋ?" ಅಂತ ಬೈದೆ. ಪಾಪ, ಆಗಿರಲಿಲ್ಲ. ಕೈ ತೊಕ್ಕೊಂಡು ಬಂದು ಕುಂತ. ಎಣ್ಣಿಗಾಯಿ ಮತ್ತ ಮತ್ತ ಹಾಕಿಸ್ಕೊಂಡ. ಹೋಗೂ ಮುಂದ, "ನಾ ಖೋಲ್ಯಾಗ ಒಬ್ಬನ ಇರ್ತೇನ್ರಿ, ತಿಂಗಳಾ ಊಟಕ್ಕ ಹಚ್ಚಕೋತೀರೇನು?" ಅಂತ ಕೇಳಿದ. ಅಂಗಡಿಗೆ ಜಾಗಾ ಬ್ಯಾರೆ ಕಡೆ ಹಿಡದ. ಡ್ರೈವರ್ ಹೊರಗ ಹೋಗಿ, ಅಕ್ಕಾರಿಗೆ ಆರಾಮ ಆಗೇತಿ ಅಂತ ಊರೆಲ್ಲಾ ಹೇಳಿದನಂತ. ಆ ವಾರದಾಗ ತಾಟು ಸಾಲಲಾರದಂಗ ಆದ್ವು. ಬಾಡಗಿ ಮಾತು ನಮ್ಮನಿಯವ್ರು ಮತ್ತ ತೆಗೀಲಿಲ್ಲ.

ಶನಿವಾರ ರೊಟ್ಟಿ ಕೊಡಾಕ ಹ್ವಾದಾಗ ರಿಸಾರ್ಟಿನ ಹುಡುಗಿಗೆ ಇದನ್ನೆಲ್ಲಾ ಹೇಳಿದೆ. ನಿನ್ನ ಹಂಗ ಆಗಾಕ ಹೋಗಿ ಖಾನಾವಳಿ ಮುಳಗಸ್ತಿದ್ದೆನವಾ ಅಂದೆ. ನಗತಾಳ ಅನಕೊಂಡಿದ್ದೆ, ನಗಲಿಲ್ಲ. "ನನ್ನ ಹಂಗಾ?" ಅಂತ ಒಂದು ನಮೂನಿ ನೋಡಿದ್ಲು. ಆಮ್ಯಾಲ, "ಖರೇನ ಎಲ್ಲಾರಿಗೂ ಬೈತೀರೇನು?" ಅಂತ ಕೇಳಿದ್ಲು.

ತನ್ನ ಸೂಟಿ ದಿನ ಆಕಿ ಖಾನಾವಳಿಗೆ ಬಂದ್ಲು. ನನಗ ಎಲ್ಲಿಲ್ಲದ ಸಡಗರ. ಬಾಕ ಒರಸಿ ಕುಂಡ್ರಿಸಿ, ರೀ ಹಚ್ಚಿ ಮಾತಾಡಿಸಿದೆ. ಹೊಟ್ಟಿ ಸರಿ ಇಲ್ಲ, ಖಾರ ಬ್ಯಾಡ ಅಂದ್ಲು. ಅದಕ್ಕ ಪಲ್ಯ ಚಟ್ನಿ ಯಾವುದೂ ಹಾಕದ ರೊಟ್ಟಿ, ಮೊಸರು ಅಷ್ಟ ನೀಡಿದೆ. ಒಂದು ತುತ್ತು ತಿಂದ್ಲು. ಬಾಜೂಕಿನಾವಗ ನಾ ಬೈಯೂದನ್ನ ಪೂರ್ತಿ ಕೇಳಿಸ್ಕೊಂಡು, ಸಣ್ಣ ಧ್ವನಿಲೆ ಅಂದ್ಲು, "ನನಗ್ಯಾಕ ಬೈಯವಲ್ರಿ ಅಕ್ಕಾರ? ನಾ ದುಡ್ಯಾಕ ಹತ್ತಿದ ಮ್ಯಾಲ ಊರಾಗ ನಮ್ಮವ್ವನೂ ಬೈಯೂದು ಬಿಟ್ಟಾಳ. ಹ್ವಾದ್ರ ಚಾಪಿ ಹಾಸಿ ಕುಂಡ್ರಸ್ತಾಳ, ಚಾ ತಂದು ಕೈಯಾಗ ಕೊಡ್ತಾಳ."

ಆಕಿ ತಾಟಿಗೆ ಇನ್ನೊಂದು ರೊಟ್ಟಿ ಒಗದೆ. "ಬೈಲಾರದ ಮತ್ತೇನು ಪೂಜಿ ಮಾಡಬೇಕೇನು ನಿನಗ?" ಅಂತ ಶುರು ಮಾಡಿದೆ. "ಮಾರಿ ನೋಡು, ಒಣಗಿ ಕಡ್ಡಿ ಆಗೀದಿ. ಗಾಳಿ ಬಂದ್ರ ಕಾಳಿ ಹೊಳ್ಯಾಗ ಬೀಳ್ತಿ. ದಿನಾ ಮಂದೀಗೆಲ್ಲಾ ಕುಡಿಸಿ ತಿನಿಸಿ ಮಾಡ್ತಿ, ನೀ ಯಾವಾಗ ಉಂಡಿ? ತಿನ್ನು ಸುಮ್ನ. ತಾಟು ಖಾಲಿ ಆಗೂ ತನಕ ಇಲ್ಲಿಂದ ಏಳಾಕ ಬಿಡೂದಿಲ್ಲ."

ಆಕಿ ತಲಿ ಬಗ್ಗಿಸಿ ತಿನ್ನಾಕ ಹತ್ತಿದ್ಲು. ಮೂಗು ಸೊರ್ ಸೊರ್ ಅಂತಿತ್ತು. ವೇಲಿನಲೆ ಕಣ್ಣ ಒರಸ್ಕೊಂಡು, "ಖಾರ ಭಾಳ ಐತ್ರಿ ಅಕ್ಕಾರ" ಅಂದ್ಲು.

ತಾಟಿನ್ಯಾಗ ಇದ್ದದ್ದು ಬರೇ ಮೊಸರು. "ಹೌದವಾ, ಮುಂದಿನ ಸಲ ಕಡಿಮಿ ಹಾಕ್ತೇನಿ" ಅಂದೆ.