ಅಕ್ಕ ಓಡಿಸುತ್ತಿದ್ದ ಸ್ಕೂಟರ್

ಪೆಟ್ರೋಲಿನಲ್ಲಿ ಬೆರೆತ ಎಣ್ಣೆ ಸುಡುವ ವಾಸನೆ ಈಗ ಬೀದಿಯಲ್ಲಿ ಬರುವುದಿಲ್ಲ. ನನ್ನಂಥ ಹಳೇ ಮೆಕ್ಯಾನಿಕ್ಕುಗಳ ಮೂಗಿನಲ್ಲಿ ಮಾತ್ರ ಉಳಿದಿದೆ. ಅಪರೂಪಕ್ಕೆ ಯಾರಾದರೂ ಹಳೇ ಗಾಡಿ ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಆ ನೀಲಿ ಹೊಗೆಯೊಳಗಿಂದ ಮಧುಗಿರಿಯ ನಮ್ಮ ಮನೆ ಎದ್ದು ಬರುತ್ತದೆ. ಕಲ್ಲುಚಪ್ಪಡಿ ಹಾಸಿದ ನಡುಮನೆ, ಗೋಡೆಗೆ ಒರಗಿಸಿಟ್ಟ ಸೀರೆ ಗಂಟುಗಳು, ಹೊಸ ಸೀರೆಯ ಗಂಜಿ ವಾಸನೆ, ಅವುಗಳ ಪಕ್ಕದಲ್ಲೇ ಮನೆಯ ಇನ್ನೊಬ್ಬ ಮಗನ ಹಾಗೆ ನಿಂತಿರುತ್ತಿದ್ದ ಅಪ್ಪನ ಸ್ಕೂಟರ್. ಸಂಜೆಯಾದರೆ ಹೊಸ್ತಿಲಿಗೆ ಹಲಗೆ ಇಟ್ಟು ಅದನ್ನು ಒಳಗೆ ತಳ್ಳುತ್ತಿದ್ದೆವು. "ದನ ಕಟ್ಟೋದ್ ಬುಟ್ಟು ಇದನ್ನ ಕಟ್ಕೊಂಡವ್ರೆ" ಎಂದು ಅಮ್ಮ ಗೊಣಗುತ್ತಲೇ ಅದರ ಮೇಲೆ ಹಳೇ ಸೀರೆ ಹೊದಿಸುತ್ತಿದ್ದಳು. ಸೋಮವಾರ ಅಪ್ಪ ಹಣೆಗೆ ವಿಭೂತಿ ಬಳಿದುಕೊಂಡು, ಬೆರಳಲ್ಲಿ ಉಳಿದದ್ದನ್ನು ಅದರ ಹೆಡ್‌ಲೈಟಿಗೆ ಒರೆಸುತ್ತಿದ್ದರು.

ಅಪ್ಪ ಕೊರಟಗೆರೆ, ಶಿರಾ, ಪಾವಗಡ ಎಂದು ಸಂತೆಯಿಂದ ಸಂತೆಗೆ ಹೋಗಿ ಸೀರೆ ಮಾರುತ್ತಿದ್ದರು. ಕಣ್ಣಿಗೆ ಪೊರೆ ಬಂದು ಎದುರಿನ ಬಸ್ಸೂ ಮಂಜಾಗಿ ಕಾಣತೊಡಗಿದಾಗ ವ್ಯಾಪಾರ ನಿಂತೇ ಹೋಯಿತು ಅಂದುಕೊಂಡೆವು. ಆಗ ಅಕ್ಕ ಸ್ಕೂಲ್ ಮೈದಾನದಲ್ಲಿ ಬಿದ್ದು ಎದ್ದು ಓಡಿಸಲು ಕಲಿತಳು. ಬೆಳಿಗ್ಗೆ ಪೆಟ್ರೋಲ್ ಇಳಿಯಲೆಂದು ಗಾಡಿಯನ್ನು ಕೊಡ ಬಗ್ಗಿಸಿದ ಹಾಗೆ ತನ್ನ ಕಡೆಗೆ ಬಗ್ಗಿಸಿ, ನೆಟ್ಟಗೆ ಮಾಡಿ, ಲಂಗ ಒಂದಿಷ್ಟು ಎತ್ತಿಕೊಂಡು ಕಿಕ್ ಹೊಡೆಯುತ್ತಿದ್ದಳು. ಹಿಂದೆ ಅಪ್ಪ, ಅವರ ತೊಡೆಯ ಮೇಲೆ ಗಂಟು. ಪಾವಗಡದ ಕಡೆಯ ಹೆಂಗಸೊಬ್ಬಳು "ಏಮಯ್ಯಾ, ಕೂತುರು ತೋಲ್ತಾ ಉಂಟೆ ನುವ್ವು ಎನಕಾಲ ಕೂಚುನ್ನಾವಾ" ಎಂದು, ಮಗಳ ಕೈಗೆ ಗಾಡಿ ಕೊಟ್ಟು ಹಿಂದೆ ಕೂತವರನ್ನು ಆಡಿಕೊಂಡಳಂತೆ. ಅಪ್ಪ, "ಡ್ರೈವರ್ ಕಣಮ್ಮ, ಸಂಬಳ ಕೇಳಲ್ಲ, ಒಳ್ಳೊಳ್ಳೆ ಸೀರೆ ಮಾತ್ರ ಎತ್ತಿಟ್ಕೊಂಡ್ಬುಡ್ತಾಳೆ" ಎಂದರಂತೆ. ಅದನ್ನು ಅಕ್ಕ ಊಟಕ್ಕೆ ಕೂತಾಗ ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಂಡು ಹುಡುಗನಾಗಿ ನಾನು ಗಂಟು ಹೊತ್ತು ಕೊಡುವವನು, ಗಾಡಿ ಓಡಿಸುವವಳು ಅವಳು ಎಂಬುದು ನನ್ನ ಹೊಟ್ಟೆಯೊಳಗೆ ಉರಿಯುತ್ತಿತ್ತು. ಆ ಕಾಲದ ಸ್ಕೂಟರಿಗೆ ಪೆಟ್ರೋಲಿನೊಳಗೇ ಎಣ್ಣೆ ಬೆರೆಸಬೇಕಿತ್ತು. ಇಲ್ಲದಿದ್ದರೆ ಎಂಜಿನ್ ಕಾದು ಬಿಗಿದುಕೊಳ್ಳುತ್ತದೆ. ಅಕ್ಕ ಸಂತೆಯ ಹಿಂದಿನ ದಿನವೇ ಅಳತೆ ಮಾಡಿ ಬೆರೆಸಿಡುತ್ತಿದ್ದಳು. ಹೊರಡುವಾಗ ಅಪ್ಪ "ಎಣ್ಣೆ ಹಾಕಿದ್ಯೇನಮ್ಮ" ಎನ್ನುತ್ತಿದ್ದರು, ಅವಳು "ಹಾಕಿದ್ದೀನಪ್ಪ" ಎನ್ನುತ್ತಿದ್ದಳು. ಅದು ದೇವರಿಗೆ ಕೈಮುಗಿದಷ್ಟೇ ಖಾಯಂ.

ಒಮ್ಮೆ ಪಾವಗಡದ ಸಂತೆಯ ಹಿಂದಿನ ದಿನ, ಅವಳು ಎಣ್ಣೆ ಬೆರೆಸಿಟ್ಟ ಮೇಲೆ, ಎಲ್ಲರೂ ಮದುವೆ ಊಟಕ್ಕೆ ಹೋದರು. ನಾನು ಸ್ಕೂಟರನ್ನು ಮೆಲ್ಲಗೆ ಹೊರಗಿಳಿಸಿ ತೋವಿನಕೆರೆಯವರೆಗೆ ಓಡಿಸಿಬಿಟ್ಟೆ. ಹಿಂದಕ್ಕೆ ಬರುವಷ್ಟರಲ್ಲಿ ಟ್ಯಾಂಕು ತಳ ಕಂಡಿತ್ತು. ಗೊತ್ತಾಗದಿರಲೆಂದು ಬಂಕಿನಲ್ಲಿ ಪೆಟ್ರೋಲ್ ತುಂಬಿಸಿದೆ, ಎಣ್ಣೆಗೆ ಕಾಸು ಉಳಿಯಲಿಲ್ಲ. ಮನೆಯ ಡಬ್ಬಿಯಿಂದ ತೆಗೆದರೆ ಅಕ್ಕನಿಗೆ ತಿಳಿಯುತ್ತದೆ, ಒಂದು ಸಲಕ್ಕೆ ಏನಾಗುತ್ತದೆ ಅಂದುಕೊಂಡೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲಾರೆ.

ಮಾರನೆಯ ದಿನ ಮಿಡಿಗೇಶಿ ದಾಟಿದ ಮೇಲೆ, ಉರಿಬಿಸಿಲಿನಲ್ಲಿ, ಎಂಜಿನ್ ಬಿಗಿದು ಹಿಂದಿನ ಚಕ್ರ ಹಿಡಿದುಕೊಂಡಿತು. ಅಕ್ಕನ ಮೊಣಕೈ ತರಚಿತು, ಅಪ್ಪನ ಮುಂಗೈ ಮುರಿಯಿತು. ಆಸ್ಪತ್ರೆಯಲ್ಲಿ ಅಪ್ಪ ಬೈಯಲಿಲ್ಲ. ಯಾವಾಗಲೂ ಕೇಳುವ ಹಾಗೆಯೇ "ಎಣ್ಣೆ ಹಾಕಿದ್ಯೇನಮ್ಮ" ಎಂದರು. ಅಕ್ಕ "ಹಾಕಿದ್ದೆ ಅಂತ ಕಾಣುತ್ತೆ ಅಪ್ಪ" ಎಂದಳು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ಅಪ್ಪ ಚಿಕ್ಕ ಗಂಟು ಹಿಡಿದು ಬಸ್ಸಿನಲ್ಲಿ ಹೋಗತೊಡಗಿದರು. ಅಕ್ಕನ ಕೈಗೆ ಯಾರೂ ಗಾಡಿ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಹುಲಿಕುಂಟೆಗೆ ಮದುವೆಯಾಗಿ ಹೋದಳು. ಅಪ್ಪ, ಅಮ್ಮ ಹೋದರು, ಮನೆ ಕೈಬಿಟ್ಟಿತು; ಅಲ್ಲೀಗ ಮೊಬೈಲ್ ಅಂಗಡಿಗಳಿವೆ. ನಾನು ಮೆಕ್ಯಾನಿಕ್ ಆದೆ. ಊರಿನ ಗಾಡಿಗಳನ್ನೆಲ್ಲ ಬಿಚ್ಚಿದೆ, ಅಪ್ಪನ ಸ್ಕೂಟರನ್ನು ಮಾತ್ರ ಗ್ಯಾರೇಜಿನ ಹಿಂದಿನ ಶೀಟಿನ ಕೆಳಗೆ ತುಕ್ಕು ಹಿಡಿಯಲು ಬಿಟ್ಟೆ. ಅದರ ಪಿಸ್ಟನ್ ಏನು ಹೇಳುತ್ತದೆಂದು ನನಗೆ ಗೊತ್ತಿತ್ತು.

ಭಾವ ತೀರಿಕೊಂಡ ಮೇಲೆ ಅಕ್ಕ ಮಧುಗಿರಿಗೇ ಬಂದು ಮನೆ ಮಾಡಿದಳು. ಹೋದ ವರ್ಷ ಒಂದು ಬೆಳಿಗ್ಗೆ ಗ್ಯಾರೇಜಿಗೆ ಬಂದು, "ಲೇ, ಅಪ್ಪನ ಗಾಡಿ ರೆಡಿ ಮಾಡ್ಕೊಡ್ಲಾ, ಓಡುಸ್ಬೇಕು" ಎಂದಳು.

"ಈ ವಯಸ್ಸಲ್ಲಾ? ಮಂಡಿ ನೋವು ಅಂತೀಯ, ಕಿಕ್ ಯಾರು ಹೊಡೆಯೋರು?"

"ಅದ್ಕೇ ನೀನಿರೋದು. ಮೆಲ್ಲಗೆ ಒತ್ತುದ್ರೆ ಸ್ಟಾರ್ಟಾಗೋ ಅಂಗೆ ಮಾಡು."

ತುಕ್ಕು ಕೆರೆಯುವಾಗ ಅವಳೇ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಕೊನೆಗೆ ಎಂಜಿನ್ ಬಿಚ್ಚಿದೆ. ಪಿಸ್ಟನ್ ಅವಳ ಕೈಯಲ್ಲಿತ್ತು. "ಏನ್ಲಾ ಇಂಗೆ ಗೀರು ಬಿದ್ದೈತೆ?"

"ಎಣ್ಣೆ ಇಲ್ದೆ ಓಡಿರೋದಕ್ಕ."

"ಅಂಗಾದ್ರೆ ನಾನು ಹಾಕಿರ್ಲಿಲ್ಲ" ಎಂದಳು, ಬಹಳ ದಿನದ ಲೆಕ್ಕವೊಂದು ಮುಗಿದವಳ ಹಾಗೆ.

ಆಗ ಹೇಳಿದೆ. ತೋವಿನಕೆರೆ, ಬಂಕು, ಮಂಚದ ಕಾಲು, ಎಲ್ಲವನ್ನೂ. ಅವಳು ಪಿಸ್ಟನ್ನನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಬೀಗ ಹಾಕಿ ಅರ್ಧ ದಾರಿಯಿಂದ ವಾಪಸ್ ಬತ್ತೀನಿ ಅಂತ ನಗ್ತೀರಲ್ಲ ಎಲ್ರೂ" ಎಂದಳು. "ಒಲೆ ಆರ್ಸಿದ್ನಾ, ಮಗೀಗೆ ಔಷಧಿ ಕೊಟ್ನಾ, ಒಂದೂ ನಂಬ್ಕೆ ಇರ್ಲಿಲ್ಲ ಕಣ್ಲಾ ನನ್ ಮೇಲೆ ನಂಗೆ. ನೀನೂ ನಗ್ತಿದ್ದೆ."

ಅವಳು ಎದ್ದು ಸೀರೆ ಕೊಡವಿಕೊಂಡಳು. "ಸಿಟ್ಟಿಲ್ಲ ಅಂತ ಸುಳ್ಳು ಹೇಳಾಕಾಗಲ್ಲ. ಗಾಡಿ ಮುಗ್ಸು."

ಮುಗಿಸಿದೆ. ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಕೂರಿಸಿದೆ. ಕಿಡಿ ಹೊತ್ತಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದೆ, ಪ್ರಕಾಶವಾದ ಲೈಟು, ಗಟ್ಟಿ ಬ್ರೇಕು, ಮೆತ್ತನೆಯ ಸೀಟು ಹಾಕಿದೆ. ಕಿಕ್ಕನ್ನು ಅಂಗೈಯಿಂದ ಒತ್ತಿದರೂ ಎಂಜಿನ್ ಹತ್ತಿಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಅಕ್ಕ ಬರುತ್ತಾಳೆ, ಪಾವಗಡದ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ಬರುತ್ತಾಳೆ. ಹೊರಡುವಾಗ ನಾನು ಹಿಂದಿನ ಸೀಟಿನ ಧೂಳು ಒರೆಸುತ್ತೇನೆ. "ಹತ್ಲಾ ಹಿಂದೆ" ಎಂದು ಅವಳು ಇನ್ನೂ ಕರೆದಿಲ್ಲ. ನಾನೂ ಕೇಳಿಲ್ಲ.