ಒಬ್ಬರಿಗೆ ರೂಮಿಲ್ಲ: ಕಳಸದ ದಾರಿಯಲ್ಲಿ ಮೂರು ದಿನ

ದಾವಣಗೆರೆಯಿಂದ ಚಿಕ್ಕಮಗಳೂರಿಗೆ ಹೊರಡುವ ಬೆಳಗಿನ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು ನನ್ನ ಆಧಾರ್ ಕಾರ್ಡ್ ನೋಡಿ ಶೂನ್ಯ ದರದ ಟಿಕೆಟ್ ಹರಿದುಕೊಟ್ಟ. ಒಬ್ಬರೇ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಲಿಲ್ಲ. ಆ ಪ್ರಶ್ನೆ ಕೇಳದ ಮನುಷ್ಯ ಮುಂದೆ ಇನ್ನೊಬ್ಬ ಸಿಗುವುದಿಲ್ಲ ಎಂದು ಗೊತ್ತಿದ್ದರೆ ಇಳಿಯುವಾಗ ಅವನಿಗೊಂದು ನಮಸ್ಕಾರವನ್ನಾದರೂ ಮಾಡುತ್ತಿದ್ದೆ.

ನನ್ನ ಹೆಸರು ಪ್ರೇಮಾ. ವಯಸ್ಸು ನಲವತ್ತೊಂಬತ್ತು. ದಾವಣಗೆರೆಯ ಒಂದು ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಗಿರಾಕಿಗಳ ಮೂಗಿಗೆ ಹೊಂದಿಸಿ ಬದುಕಿದವಳು. ಮದುವೆಯಾಗಿಲ್ಲ. ಕಳೆದ ವರ್ಷ ಒಂದು ಕಣ್ಣು ತಪಾಸಣೆ ಶಿಬಿರದವರ ಜೊತೆ ಕಳಸಕ್ಕೆ ಹೋಗಿದ್ದೆ. ಅಲ್ಲಿ ಕಂಡ ಕನ್ನಡಕಗಳು ನನ್ನ ತಲೆಯಿಂದ ಹೋಗಲಿಲ್ಲ. ಕಡ್ಡಿ ಮುರಿದದ್ದಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡವರು, ತೀರಿಹೋದ ಅಣ್ಣನ ಕನ್ನಡಕ ಹಾಕಿಕೊಂಡು ಮೆಣಸು ಹಸನು ಮಾಡುವವರು. ಒಂದು ತಿರುಪು ಬಿದ್ದರೂ ಬಸ್ಸು ಹತ್ತಿ ಮೂಡಿಗೆರೆಗೆ ಬರಬೇಕು. ಕಳಸದಲ್ಲೇ ಒಂದು ಅಂಗಡಿ ಹಾಕಬೇಕು, ಅಲ್ಲೇ ಇರಬೇಕು ಎಂದು ನನಗೆ ಅನ್ನಿಸಿತು. ಅಷ್ಟೇ ಕಾರಣ.

ಅಷ್ಟೇ ಕಾರಣ ಎಂದರೆ ಯಾರೂ ನಂಬುವುದಿಲ್ಲ. ನೆಂಟರೆಲ್ಲ ಕೇಳಿದ್ದು ಒಂದೇ: "ಏನಾಯ್ತು?" ಏನೂ ಆಗಿಲ್ಲ. ಏನಾದರೂ ಆದರೆ ಮಾತ್ರ ಹೆಂಗಸು ಊರು ಬಿಡಬೇಕೆ? ಗಂಡಸು ಗಂಟು ಕಟ್ಟಿದರೆ ಧೈರ್ಯವಂತ, ಹೆಂಗಸು ಕಟ್ಟಿದರೆ ಪಾಪ ಎಂಥ ಸಂಕಟವೋ ಎಂದು ಲೊಚಗುಟ್ಟುತ್ತಾರೆ. ಹೀಗೆ ಮೈಯೆಲ್ಲ ಉರಿದುಕೊಂಡೇ ನಾನು ಆ ಮಾರ್ಚ್ ತಿಂಗಳಲ್ಲಿ ಅಂಗಡಿ ಮನೆ ನೋಡಿಕೊಂಡು, ಹೋಗುವುದೋ ಬಿಡುವುದೋ ತೀರ್ಮಾನ ಮಾಡಿ ಬರಲು ಹೊರಟದ್ದು.

ಬೀರೂರು, ಕಡೂರು ದಾಟುವವರೆಗೆ ಕಿಟಕಿಯಿಂದ ಬಿಸಿಗಾಳಿ. ಸಖರಾಯಪಟ್ಟಣ ಕಳೆದ ಮೇಲೆ ಬೆಟ್ಟದ ಸಾಲು ಕಾಣಿಸಿತು. ಮೊದಲ ರಾತ್ರಿ ಮಲ್ಲಂದೂರಿನ ಕಡೆ ಕಾಫಿ ತೋಟದ ನಡುವೆ ಒಂದು ಹೋಮ್‌ಸ್ಟೇಯಲ್ಲಿ ಇರೋಣವೆಂದು ಬಸ್ಸಿನಿಂದಲೇ ಫೋನ್ ಮಾಡಿದೆ.

"ಎಷ್ಟು ಜನ ಮೇಡಂ?"

"ಒಬ್ಬಳೇ."

ಆ ಕಡೆಯವನು ಯಾರನ್ನೋ ಏನೋ ಕೇಳಿದ. ಆಮೇಲೆ, "ಅಯ್ಯೋ, ಫುಲ್ ಆಗಿದೆ ಮೇಡಂ." ನನಗೆ ಅನುಮಾನ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಫೋನ್ ಕೇಳಿ ತೆಗೆದುಕೊಂಡು ಅದೇ ನಂಬರಿಗೆ ಮಾಡಿ, ಗಂಡ ಹೆಂಡತಿ ಇಬ್ಬರು ಎಂದೆ. ರೂಮಿತ್ತು. ಬೇಕಾದರೆ ಕಿಟಕಿಯಿಂದ ಗುಡ್ಡ ಕಾಣುವ ರೂಮೂ ಇತ್ತು. ಹುಟ್ಟಿಯೇ ಇಲ್ಲದ ನನ್ನ ಗಂಡನಿಗೆ ಅಷ್ಟು ಮರ್ಯಾದೆ.

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಕೊನೆಗೆ ಜಾಗ ಸಿಕ್ಕಿತು, ಆದರೆ ಶರತ್ತಿನ ಮೇಲೆ. ಕೌಂಟರಿನವನು ನನ್ನ ಆಧಾರ್ ತಿರುಗಿಸಿ ಮುರುಗಿಸಿ ನೋಡಿ, "ಮನೆಯವರು ಯಾರಾದ್ರೂ ಇದ್ರೆ ಫೋನಲ್ಲಿ ಒಂದು ಮಾತು ಹೇಳಿಸಿ ಮೇಡಂ" ಎಂದ. ನನ್ನ ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ಅವನ ಕೈಹಿಡಿದು ಅಕ್ಷರ ತಿದ್ದಿಸಿದವಳು ನಾನು. ಅವನು ಫೋನಿನಲ್ಲಿ "ಹೌದು, ನಮ್ಮಕ್ಕ, ರೂಮ್ ಕೊಡ್ರಿ" ಎಂದ ಮೇಲೆ ಬೀಗದ ಕೈ ಸಿಕ್ಕಿತು. ತಮ್ಮ ಅದನ್ನು ತಮಾಷೆ ಎಂದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ರೂಮಿನಲ್ಲಿ ಸೊಳ್ಳೆ ಬೇರೆ.

ಮರುದಿನ ಬೆಳಿಗ್ಗೆ ಮೂಡಿಗೆರೆ. ಮೂವತ್ತು ಕಿಲೋಮೀಟರಿನ ಆಸುಪಾಸು, ರಸ್ತೆಯ ಎರಡೂ ಕಡೆ ಕಾಫಿ. ಗಿಡ ಹೂಬಿಡಲು ಬೇಕಾದ ಹೂಮಳೆ ಇನ್ನೂ ಬಂದಿರಲಿಲ್ಲ. ನೀರಿದ್ದವರ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು, ಇಲ್ಲದವರ ಗಿಡಗಳು ಎಲೆ ಮುದುಡಿಕೊಂಡು ನಿಂತಿದ್ದವು. ಕಳಸದಲ್ಲಿ ಮನೆ ಸಿಗದಿದ್ದರೆ ಮೂಡಿಗೆರೆಯಲ್ಲಿದ್ದು ಓಡಾಡಿದರಾಯಿತು ಎಂದು ಅಲ್ಲೊಂದು ಮನೆ ನೋಡಲು ಇಳಿದೆ. ಮನೆಯೊಡತಿ ನಗುನಗುತ್ತ ಹಜಾರ ತೋರಿಸಿದರು, ದೇವರ ಕೋಣೆ ತೋರಿಸಿದರು.

"ನಿಮ್ಮ ಯಜಮಾನ್ರು ಎಂತ ಮಾಡ್ಕೊಂಡಿದಾರೆ?"

"ನಾನೊಬ್ಬಳೇ ಇರೋದು. ಕನ್ನಡಕದ ಕೆಲಸ."

ಅವರು ಹಜಾರದ ದೀಪ ಆರಿಸಿಬಿಟ್ಟರು. "ಮಗಳು ರಜೆಗೆ ಬರ್ತೇನೆ ಅಂತಿದ್ಲು. ಅವಳನ್ನ ಕೇಳಿ ಹೇಳ್ತೇನೆ, ಆಯ್ತಾ?" ಎಂದರು. ಅಡುಗೆಮನೆಯನ್ನು ನನಗೆ ತೋರಿಸಲೇ ಇಲ್ಲ.

ಆ ಸಿಟ್ಟಿನಲ್ಲಿ ಕಳಸದ ಖಾಸಗಿ ಬಸ್ಸು ಹತ್ತಿದೆ. ಕೊಟ್ಟಿಗೆಹಾರದಲ್ಲಿ ಡ್ರೈವರು ಊಟಕ್ಕೆ ನಿಲ್ಲಿಸಿದ. ನೀರುದೋಸೆ ಬಿಸಿಬಿಸಿ ಬಂತು, ಒಂದಾದ ಮೇಲೊಂದು ತಿಂದೆ. ಹೋಟೆಲಿನವರು ದೋಸೆ ಹಾಕುವಾಗ ಎಷ್ಟು ಜನ ಎಂದು ಕೇಳುವುದಿಲ್ಲ, ಅದೇ ಪುಣ್ಯ. ಅಲ್ಲಿಂದ ಮುಂದೆ ತಿರುವಿನ ಮೇಲೆ ತಿರುವು. ಮನೆಗಳ ಕಣದಲ್ಲೆಲ್ಲ ಮೆಣಸು ಒಣಗಲು ಹಾಕಿದ್ದರು, ಅದರ ಖಾರದ ವಾಸನೆ ಬಸ್ಸಿನೊಳಗೂ ಬರುತ್ತಿತ್ತು.

ಕಳಸದ ಪೇಟೆಯಲ್ಲಿ ಅಂಗಡಿ ಸಿಕ್ಕಿದ್ದು ಹೂವೆತ್ತಿದಷ್ಟು ಸುಲಭವಾಗಿ. ಕಟ್ಟಡದ ಮಾಲೀಕರು ಬಸವರಾಜಪ್ಪ ಎಂಬ ಕಿರಾಣಿ ವ್ಯಾಪಾರಿ, ಹಣೆ ತುಂಬ ವಿಭೂತಿ. ಅವರ ಕನ್ನಡಕದಲ್ಲಿ ಮೂಗಿನ ಮೇಲೆ ಕೂರುವ ಪುಟ್ಟ ಗುಂಡಿ ಒಂದು ಕಡೆ ಬಿದ್ದುಹೋಗಿತ್ತು. ಚೀಲದಿಂದ ಒಂದು ತೆಗೆದು ಅಲ್ಲೇ ಕೂರಿಸಿಕೊಟ್ಟೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, "ನೀವು ನಾಳೆನೇ ಬನ್ನಿ, ಬೋರ್ಡ್ ಬರೆಯೋನನ್ನ ನಾನೇ ಕಳಿಸ್ತೀನಿ" ಎಂದರು. ಮೇಲಿನ ಮಹಡಿಯಲ್ಲಿ ಒಂದು ಮನೆಯೂ ಖಾಲಿಯಿತ್ತು. ಅದನ್ನೂ ಕೊಡಿ ಎಂದೆ.

"ಮನೇಲಿ ಯಾರ್‍ಯಾರು ಇರ್ತೀರಿ?"

"ನಾನೇ."

ಬಸವರಾಜಪ್ಪನವರು ಆಗತಾನೇ ಸರಿಮಾಡಿಸಿಕೊಂಡ ಕನ್ನಡಕ ತೆಗೆದು ಒರೆಸತೊಡಗಿದರು. "ಅಂಗಡಿ ಬೇರೆ, ಮನೆ ಬೇರೆ ಅಮ್ಮ. ಒಬ್ಬರಿಗೆ ಮನೆ ಕೊಟ್ಟು ರೂಢಿ ಇಲ್ಲ. ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ."

ಅಂದರೆ ನಾನು ಬೆಳಗಿನಿಂದ ಸಂಜೆಯವರೆಗೆ ಅವರ ಕಟ್ಟಡದ ಕೆಳಗೆ ಕೂತರೆ ಮರ್ಯಾದಸ್ಥೆ, ಹದಿನೈದು ಮೆಟ್ಟಿಲು ಹತ್ತಿದರೆ ಅನುಮಾನ. ಹಾಗೆಂದು ಅವರ ಮುಖಕ್ಕೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮನೆ ಸಿಕ್ಕಿದ ಮೇಲೆ ಅಂಗಡಿಯ ಮಾತಾಡೋಣ ಎಂದು ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಸಂಜೆಯಾಗುತ್ತ ಬಂದಿತ್ತು. ಪೇಟೆಯ ಎರಡು ಲಾಡ್ಜುಗಳಲ್ಲಿ ವಿಚಾರಿಸಿದೆ. "ಸಿಂಗಲ್‌ಗೆ ಕೊಡಲ್ಲ ಮೇಡಂ." ಎರಡರಲ್ಲೂ ಅದೇ ಮಾತು. ಯಾಕೆ ಎಂದರೆ ಎರಡು ಕಡೆಯೂ ಗೋಡೆ ನೋಡುತ್ತಾರೆ. ಕೊನೆಗೆ ಸುರೇಶ ಎಂಬ ಆಟೋದವನು ಬಾಯಿಬಿಟ್ಟ.

"ಬೇಜಾರು ಮಾಡ್ಕೋಬೇಡಿ ಅಕ್ಕ. ಒಬ್ಬೊಬ್ರೇ ಬಂದು ರೂಮ್ ಮಾಡ್ಕೊಂಡು ಏನೇನೋ ಮಾಡ್ಕೊಳ್ತಾರೆ. ಆಮೇಲೆ ಸ್ಟೇಶನ್ನು, ಮಹಜರು ಅಂತ ಲಾಡ್ಜಿನವರು ತಿರುಗಿ ತಿರುಗಿ ಸಾಯ್ಬೇಕು. ಅದಕ್ಕೇ ಹೆದರ್ತಾರೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ರಸ್ತೆಯ ಮಧ್ಯದಲ್ಲೇ ಕೂಗಾಡಿದೆ. ನಾನು ಸಾಯಲು ಬಂದವಳಲ್ಲ, ಬದುಕಲು ಬಂದವಳು ಮಾರಾಯ, ಫ್ರೇಮು, ಲೆನ್ಸು, ಸ್ಕ್ರೂ ಡ್ರೈವರು ಹಿಡಿದುಕೊಂಡು ಬಂದವಳು, ನನ್ನ ಮುಖದಲ್ಲಿ ಏನು ಕಾಣುತ್ತದೆ ನಿಮಗೆ ಎಂದು ಕೇಳಿದೆ. ಪಾಪ, ಅವನದೇನು ತಪ್ಪು. ಅವನು ಸುಮ್ಮನೆ ಆಟೋ ಸ್ಟಾರ್ಟ್ ಮಾಡಿ, ಹೊರನಾಡಿನ ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ಆಚೆಗಿದ್ದ ಒಂದು ಸಣ್ಣ ತೋಟದ ಮನೆಗೆ ಕರೆದುಕೊಂಡು ಹೋದ. ಮನೆಯ ಪಕ್ಕಕ್ಕೆ ಬೇರೆಯಾಗಿ ಕಟ್ಟಿದ ಒಂದು ರೂಮನ್ನು ಅವರು ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಗೇಟಿಗೆ ಬಂದ ಮನೆಯೊಡತಿ ಲಲಿತಮ್ಮನವರಿಗೆ ಅರವತ್ತರ ಹತ್ತಿರ ವಯಸ್ಸು.

"ಇವ್ರು ಯಾರ ಕಡೆಯವರು ಸುರೇಶ?"

"ನಮ್ಮ ಅತ್ತಿಗೆ ಕಡೆಯವರು" ಎಂದ ಸುರೇಶ, ಕಣ್ಣು ಮಿಟುಕಿಸದೆ.

"ಸುಳ್ಳು" ಎಂದೆ ನಾನು. "ನಾನು ಯಾರ ಕಡೆಯವಳೂ ಅಲ್ಲ. ಒಬ್ಬಳೇ ಬಂದಿದ್ದೀನಿ. ಕೊಡೋದಾದ್ರೆ ಕೊಡಿ, ಇಲ್ಲದಿದ್ರೆ ಇಲ್ಲ ಅನ್ನಿ."

ಲಲಿತಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಗೇಟು ತೆಗೆದರು. ನಾನು ಖುಷಿಯಿಂದ ರಾತ್ರಿಯ ಬಾಡಿಗೆಯನ್ನು ಆಗಲೇ ಫೋನಿನಲ್ಲಿ ಕಳಿಸಿದೆ. ಹೊಳೆ ಎಷ್ಟು ದೂರ ಎಂದು ಕೇಳಿದೆ. ಎರಡು ದಿನದ ಆಯಾಸವಿದೆ, ಬೆಳಿಗ್ಗೆ ಎಬ್ಬಿಸಬೇಡಿ ಎಂದೆ. ಅವರ ಯಜಮಾನರು ಗೌಡರು ನನ್ನನ್ನು ಊಟಕ್ಕೆ ಕರೆದು ಕಡುಬು, ಕೋಳಿಸಾರು ತಾವೇ ಬಡಿಸಿದರು. ಹೂಮಳೆ ಈ ಸಲ ಕೈಕೊಟ್ಟಿತು ಎಂದು ಗೊಣಗಿದರು. ಲಲಿತಮ್ಮ ಊಟದ ಹೊತ್ತಿಗೆ ಕಾಣಲಿಲ್ಲ.

ಊಟ ಮುಗಿಸಿ ರೂಮಿಗೆ ಬಂದು ಬಾಗಿಲು ಹಾಕಿಕೊಳ್ಳಲು ಹೋದರೆ ಒಳಗಿನ ಚಿಲಕವೇ ಇಲ್ಲ. ತಿರುಪಿನ ತೂತುಗಳು ಮಾತ್ರ ಇದ್ದವು. ತೂತಿನ ಸುತ್ತ ಮರದ ಹುಡಿ ಇನ್ನೂ ಹಾಗೇ ಇತ್ತು, ಬಿಚ್ಚಿ ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ. ಪರಸ್ಥಳದಲ್ಲಿ ಚಿಲಕವಿಲ್ಲದೆ ಹೇಗೆ ಮಲಗುವುದು? ಬಾಗಿಲಿಗೆ ಅಡ್ಡ ಇಡೋಣವೆಂದು ಮೂಲೆಯಲ್ಲಿದ್ದ ಮರದ ಕುರ್ಚಿಯನ್ನು ದರದರ ಎಳೆದೆ.

ಕುರ್ಚಿ ಬಾಗಿಲು ಮುಟ್ಟುವುದರೊಳಗೆ ಬಾಗಿಲೇ ತೆರೆದುಕೊಂಡಿತು. ಲಲಿತಮ್ಮ ಏದುಸಿರು ಬಿಡುತ್ತ ನಿಂತಿದ್ದರು, ಹಿಂದೆ ಗೌಡರು ಟಾರ್ಚು ಹಿಡಿದು.

"ಕುರ್ಚಿ ಎಂತಕ್ಕೆ ಎಳೆದ್ರಿ?"

"ಚಿಲಕ ಎಂತಕ್ಕೆ ಬಿಚ್ಚಿದ್ರಿ?" ಎಂದೆ. ಆ ದಿನಗಳ ಸಿಟ್ಟೆಲ್ಲ ಒಟ್ಟಿಗೆ ಬಂತು. ಕಾಸು ಕೊಟ್ಟು ಬಂದವಳ ರೂಮಿನ ಚಿಲಕ ಬಿಚ್ಚುವುದು ಎಂಥ ಸಭ್ಯತೆ, ನನ್ನನ್ನು ಏನೆಂದುಕೊಂಡಿದ್ದೀರಿ, ಒಬ್ಬಳೇ ಇರುವುದು ರೋಗವೇ ಎಂದು ಒಂದೇ ಉಸಿರಿಗೆ ಕೇಳಿದೆ.

ಲಲಿತಮ್ಮ ಅದೇ ಕುರ್ಚಿಯ ಮೇಲೆ ಕೂತರು. "ಇದೇ ರೂಮು. ಎರಡು ವರ್ಷ ಆಯ್ತು. ಮೈಸೂರು ಕಡೆ ಹುಡುಗ, ಒಬ್ನೇ ಬಂದಿದ್ದ. ಚೆನ್ನಾಗಿ ಊಟ ಮಾಡ್ದ, ನಮ್ಮ ಗೌಡ್ರ ಜೊತೆ ನಕ್ಕೊಂಡು ಮಾತಾಡ್ದ. ದುಡ್ಡು ರಾತ್ರಿನೇ ಕೊಟ್ಟ. ಬೆಳಿಗ್ಗೆ ಎಬ್ಬಿಸ್ಬೇಡಿ ಅಂದ. ನಾವು ಎಬ್ಬಿಸ್ಲಿಲ್ಲ. ಹನ್ನೊಂದು ಗಂಟೆವರೆಗೂ ಎಬ್ಬಿಸ್ಲಿಲ್ಲ ಮಾರಾಯ್ರೆ."

ಗೌಡರು ಟಾರ್ಚು ಆರಿಸಿದರು.

"ನೀವೂ ಅದನ್ನೇ ಅಂದ್ರಿ" ಎಂದರು ಲಲಿತಮ್ಮ. "ಹೊಳೆ ಬೇರೆ ಕೇಳಿದ್ರಿ. ಯಾರ ಮುಖ ನೋಡಿ ಎಂತ ತಿಳ್ಕೊಳ್ಳೋದು? ನನಗೆ ಗೊತ್ತಾಗಲ್ಲ ಈಗ."

ನಾನು ಮಂಚದ ಅಂಚಿಗೆ ಕೂತೆ. ಸತ್ತ ಆ ಹುಡುಗನಿಗಾಗಿ ಮರುಗಿದೆ. ಆದರೆ ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಒಬ್ಬರೇ ಬಂದವರನ್ನು ಬಾಗಿಲಿಂದಲೇ ಆಚೆ ಕಳಿಸಿದರೆ ಅವರ ಕಷ್ಟ ಎಲ್ಲಿ ಹೋಗುತ್ತದೆ? ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ, ಅಷ್ಟೇ. ಲಾಡ್ಜಿನವರಿಗೆ ಬೇಕಾದದ್ದು ಸ್ಟೇಶನ್ನಿನ ತಾಪತ್ರಯ ತಪ್ಪುವುದು. ಈ ಹೆಂಗಸು ಅಷ್ಟು ನೋವು ತಿಂದ ಮೇಲೂ ಗೇಟು ತೆಗೆದಿದ್ದರು. ಅವರ ಮೇಲೆ ಕೂಗಿದ್ದಕ್ಕೆ ನಾಚಿಕೆಯಾಯಿತು, ಚಿಲಕ ಬಿಚ್ಚಿದ್ದು ಮಾತ್ರ ಸರಿಯೆಂದು ಈಗಲೂ ಅನ್ನಿಸುವುದಿಲ್ಲ.

ಬೆಳಿಗ್ಗೆ ಅವರು ಬಂದು ಎಬ್ಬಿಸುವ ಮೊದಲೇ ಎದ್ದು ಅಡುಗೆಮನೆಗೆ ಹೋದೆ. ಲಲಿತಮ್ಮ ಕಾಫಿ ಸೋಸುತ್ತಿದ್ದರು. ಲೋಟ ಕೈಗೆ ಬಂದ ಮೇಲೆ, ಈ ರೂಮನ್ನು ತಿಂಗಳ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದೆ.

"ಕೊಡ್ಬೋದು" ಎಂದರು. "ಆದ್ರೆ ದಿನಾ ಏಳು ಗಂಟೆಗೆ ಇಲ್ಲಿ ಕಾಫಿಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ನಾನು ಬಾಗಿಲು ಒಡೆಸ್ತೇನೆ."

"ಒಡೆಸೋಕೆ ಮೊದಲು ಬಾಗಿಲಿಗೆ ಚಿಲಕ ಇರಬೇಕಲ್ಲ."

"ಅದು ಹಾಕ್ಸೋಣ."

"ಭಾನುವಾರ ನಾನು ಎಂಟರವರೆಗೆ ಮಲಗ್ತೀನಿ."

"ಆಗಲ್ಲ. ಏಳು ಅಂದ್ರೆ ಏಳು."

ನನ್ನ ವಯಸ್ಸಿನವಳಿಗೆ ದಿನಾ ಹಾಜರಿ ಹಾಕುವ ಶಿಕ್ಷೆ! ಯೋಚಿಸಿ ಹೇಳುತ್ತೇನೆ ಎಂದು ಬಿಗಿಯಾಗಿಯೇ ಹೇಳಿ ಚೀಲ ಹೊತ್ತುಕೊಂಡೆ. ಅವರು ನನ್ನ ಫೋನ್ ನಂಬರು ಬರೆಸಿಕೊಂಡರು. ಕೊಟ್ಟಿಗೆಹಾರದಲ್ಲಿ ಒಮ್ಮೆ, ಚಿಕ್ಕಮಗಳೂರಿನಲ್ಲಿ ಒಮ್ಮೆ ಫೋನ್ ಬಂತು: "ಎಲ್ಲಿದ್ದೀರಿ? ಊಟ ಆಯ್ತಾ?" ಎರಡನೆಯ ಸಲ ನಾನು ಸ್ವಲ್ಪ ಒರಟಾಗಿಯೇ ಉತ್ತರಿಸಿದೆ. ಇದೆಂಥ ಕಾವಲು, ಇಲ್ಲಿಗೆ ಬಂದರೆ ಉಸಿರಾಡಲೂ ಬಿಡುವುದಿಲ್ಲವೇನೋ ಎಂದು ಕಡೂರು ದಾಟುವವರೆಗೂ ಮನಸ್ಸಿನಲ್ಲೇ ಜಗಳವಾಡಿದೆ. ಬೇಡ ಎಂದು ಹೇಳಿಬಿಡುವುದೆಂದು ಮುಕ್ಕಾಲು ಭಾಗ ತೀರ್ಮಾನವೂ ಆಗಿತ್ತು.

ದಾವಣಗೆರೆಯಲ್ಲಿ ಇಳಿದಾಗ ಸಂಜೆ ಏಳಾಗಿತ್ತು, ಸೆಕೆ ಇನ್ನೂ ಇಳಿದಿರಲಿಲ್ಲ. ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ, ಚೀಲ ಕೆಳಗಿಟ್ಟು, ಬಾಗಿಲ ಮುಂದೆ ನಿಂತು ಬೀಗದ ಕೈ ಹುಡುಕುತ್ತಿದ್ದೆ. ಮೂರು ದಿನದ ಪತ್ರಿಕೆಗಳು ಹೊಸ್ತಿಲಲ್ಲೇ ಬಿದ್ದಿದ್ದವು. ಎದುರು ಮನೆಯ ಸರೋಜಮ್ಮ ಕಸ ಇಡಲು ಹೊರಗೆ ಬಂದರು. ಹನ್ನೊಂದು ವರ್ಷದಿಂದ ನಮ್ಮ ಬಾಗಿಲುಗಳು ಮುಖಾಮುಖಿ. ಅವರು ನನ್ನನ್ನು, ಕೆಳಗಿದ್ದ ಚೀಲವನ್ನು ನೋಡಿದರು.

"ಏನ್ರೀ ಪ್ರೇಮಕ್ಕ, ಎಲ್ಲಿಗೋ ಹೊಂಟಂಗಿದೆ?"

"ಹೌದ್ರೀ" ಎಂದೆ. "ಕಳಸಕ್ಕೆ."